ಐಶಿಂಗರಮ್ಮನ ಗೋಧಿ ಬಿಯರ್

ವಾಲ್ಬುರ್ಗಾ ಐಶಿಂಗರ್ ಯಾರನ್ನೂ ನಂಬದ ಹೆಂಗಸು. ಅವಳನ್ನು ಬಲ್ಲವರೆಲ್ಲ ಈ ಮಾತು ಒಪ್ಪುತ್ತಿದ್ದರು. ಕೇಳಿದ್ದರೆ ಅವಳೂ ಒಪ್ಪುತ್ತಿದ್ದಳು. ಅಂಚೆ ಕಚೇರಿಯ ಕಿಟಕಿಯ ಹಿಂದೆ ಮೂವತ್ತನಾಲ್ಕು ವರ್ಷ ಕೂತು ಪ್ರತಿ ಪೊಟ್ಟಣವನ್ನೂ ಎರಡು ಸಲ ತೂಗಿದವಳು, ನಿವೃತ್ತಳಾದ ಮೇಲೆ ತನ್ನದೊಂದು ಕಾಗದವನ್ನೂ ರಿಜಿಸ್ಟರ್ ಮಾಡಿಸದೆ ಕಳಿಸಲಿಲ್ಲ. ಗಡಿಯಾರವನ್ನು ರೇಡಿಯೋದ ಜತೆ ತಾಳೆ ನೋಡುವಳು, ರೇಡಿಯೋವನ್ನು ಚರ್ಚಿನ ಗಂಟೆಯ ಜತೆ. ಮದುವೆ ಯಾಕೆ ಆಗಲಿಲ್ಲ ಎಂದವರಿಗೆ, "ವಿಚಾರಿಸಿದೆ, ತಾಳೆ ಬರಲಿಲ್ಲ" ಎನ್ನುತ್ತಿದ್ದಳು.

ಅವಳಿಗಿದ್ದ ಒಂದೇ ಚಟ ಭಾನುವಾರದ್ದು. ಚರ್ಚಿನ ಪೂಜೆ ಮುಗಿಸಿ ಊರಿನ ಹೋಟೆಲಿಗೆ ಹೋಗಿ, ಮೂಲೆಯ ಮೇಜಿನಲ್ಲಿ ಕೂತು, ಮಧ್ಯಾಹ್ನದ ಗಂಟೆ ಬಾರಿಸುವ ಮುಂಚೆ ಬಿಳಿ ಸಾಸೇಜಿನ ಜತೆ ಒಂದು ಎತ್ತರದ ಗ್ಲಾಸ್ ಗೋಧಿ ಬಿಯರ್ ಕುಡಿಯುವುದು. ನಲವತ್ತು ವರ್ಷದ ರೂಢಿ. ಲವಂಗದಂಥ ವಾಸನೆಯ ಆ ಬಿಯರ್ ಹೋಟೆಲಿನ ಹಿಂದಿನ ಚಿಕ್ಕ ಭಟ್ಟಿಯಲ್ಲೇ ತಯಾರಾಗುತ್ತಿತ್ತು. ಒಂದು ವಸಂತದಲ್ಲಿ ಭಟ್ಟಿ ಮುಚ್ಚಿತು. ದೂರದ ದೊಡ್ಡ ಕಂಪನಿಯೊಂದು ಹೆಸರನ್ನು ಕೊಂಡುಕೊಂಡಿತು. ಅದೇ ಹೆಸರಿನ ಬಾಟಲಿಗಳು ಲಾರಿಯಲ್ಲಿ ಬರತೊಡಗಿದವು. ಮೊದಲ ಭಾನುವಾರವೇ ವಾಲ್ಬುರ್ಗಾ ಒಂದು ಗುಟುಕು ಕುಡಿದು ಗ್ಲಾಸ್ ಕೆಳಗಿಟ್ಟಳು.

"ಎಗಿಡ್, ಇದು ಅದಲ್ಲ."

ಹೋಟೆಲಿನ ಯಜಮಾನ ಎಗಿಡ್‌ಗೆ ಅವಳ ಮಗನಾಗುವಷ್ಟು ವಯಸ್ಸು. "ಅದೇ, ಐಶಿಂಗರಮ್ಮ. ಅದೇ ಗೋಧಿ, ಅದೇ ಯೀಸ್ಟು, ಅದೇ ಲೇಬಲ್ಲು."

"ಲೇಬಲ್ ಕುಡಿಯೋಕೆ ಬಂದಿಲ್ಲ ನಾನು. ಲವಂಗದ ವಾಸನೆ ಎಲ್ಲಿ ಹೋಯ್ತು?"

ಎರಡು ವರ್ಷ, ವಾರ ತಪ್ಪದೆ, ಇದೇ ಪ್ರಶ್ನೆ. ಕೊನೆಗೊಂದು ದಿನ ಎಗಿಡ್ ಟವೆಲನ್ನು ಹೆಗಲಿಗೆಸೆದುಕೊಂಡು ತುಂಬಿದ ಮೇಜಿನೆದುರೇ ಹೇಳಿಬಿಟ್ಟ: "ಬೇಜಾರು ಮಾಡ್ಕೋಬೇಡಿ. ಬಿಯರಿಗೆ ಏನೂ ಆಗಿಲ್ಲ. ನಿಮಗೆ ಎಪ್ಪತ್ತೊಂದು ಆಯ್ತು, ನಿಮ್ಮ ಮೂಗಿಗೂ ಅಷ್ಟೇ ಆಯ್ತು."

ಮೇಜಿಗೆ ಮೇಜೇ ನಕ್ಕಿತು.

ನಗುವನ್ನು ಅವಳು ಲೆಕ್ಕಕ್ಕಿಡಲಿಲ್ಲ. ಮನೆ ಮುಟ್ಟುವವರೆಗೂ ಕೊರೆದದ್ದು ಬೇರೆ. ಅವನ ಮಾತು ನಿಜವಾಗಿದ್ದರೆ? ಲೋಕವನ್ನೆಲ್ಲ ಪರೀಕ್ಷಿಸುತ್ತ ಬದುಕಿದವಳ ತಕ್ಕಡಿಯೇ ಕೆಟ್ಟಿದ್ದರೆ, ಈವರೆಗೆ ತೂಗಿದ್ದರಲ್ಲಿ ಎಷ್ಟು ಸುಳ್ಳು? ಇದನ್ನು ಇತ್ಯರ್ಥ ಮಾಡಲು ಅವಳಿಗೆ ಕಂಡದ್ದು ಒಂದೇ ದಾರಿ: ಹಳೆಯ ಬಿಯರನ್ನು ತಾನೇ ಮನೆಯಲ್ಲಿ ಮಾಡಿ, ಹೊಸದರ ಪಕ್ಕದಲ್ಲಿ ಆ ಮೇಜಿನ ಮೇಲಿಡುವುದು.

ಮಾಡುವುದು ಗೊತ್ತಿದ್ದವನು ಓಟ್ಮಾರ್ ಕ್ರೋನ್‌ವಿಟರ್. ಅವಳ ಶಾಲೆಯ ಜತೆಗಾರ, ಮುಚ್ಚಿದ ಭಟ್ಟಿಯಲ್ಲಿ ಬಿಯರ್ ಹುಳಿಯುವ ಕೋಣೆಯನ್ನು ಮೂವತ್ತು ವರ್ಷ ನೋಡಿಕೊಂಡಿದ್ದವನು. ಅಲ್ಲಿನ ಯೀಸ್ಟನ್ನು ಒಂದು ಜಾಡಿಯಲ್ಲಿ ಮನೆಗೆ ತಂದು, ತಿಂಗಳಿಗೊಮ್ಮೆ ಅದಕ್ಕೆ ಸಿಹಿ ಬೆರೆಸಿದ ನೀರು ಹಾಕಿ, ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕದಲ್ಲಿ ಬದುಕಿಸಿಟ್ಟುಕೊಂಡಿದ್ದ.

"ಕಲಿಸ್ತೀಯಾ?" ಎಂದು ಕೇಳಿದಳು.

"ಕಲಿಸ್ತೀನಿ ಬುರ್ಗಲ್" ಎಂದ, ಶಾಲೆಯಲ್ಲಿ ಅವಳನ್ನು ಕರೆಯುತ್ತಿದ್ದ ಹೆಸರಿನಲ್ಲೇ.

ಇಷ್ಟು ಬೇಗ ಒಪ್ಪಿದ್ದು ಅವಳಿಗೆ ಸರಿಬೀಳಲಿಲ್ಲ. "ನಿನಗೇನು ಬೇಕು?"

"ಏನೂ ಬೇಡ."

"ಏನೂ ಬೇಡ ಅನ್ನೋರ ಹತ್ರಾನೇ ಹುಷಾರಾಗಿರಬೇಕು."

"ಹಾಗಾದ್ರೆ ಒಂದಿನ ಹಂದಿ ರೋಸ್ಟ್ ಊಟ ಹಾಕು."

"ಹಾಂ, ಈಗ ಮನುಷ್ಯರ ಥರ ಮಾತಾಡಿದೆ."

ಮನೆಯಲ್ಲಿ ಬಿಯರ್ ಮಾಡುವವರು ಆಗೆಲ್ಲ ಮೊದಲೇ ಸುಂಕದ ಕಚೇರಿಗೆ ತಿಳಿಸಬೇಕಿತ್ತು. ವಾಲ್ಬುರ್ಗಾ ತಿಳಿಸಿದಳು, ರಿಜಿಸ್ಟರ್ ಅಂಚೆಯಲ್ಲಿ. ಮೊಳಕೆ ಬರಿಸಿ ಒಣಗಿಸಿದ ಗೋಧಿ ಮಾಲ್ಟು ಎರಡು ಪಾಲು, ಬಾರ್ಲಿ ಮಾಲ್ಟು ಒಂದು ಪಾಲು. ನುಚ್ಚನ್ನು ಬಿಸಿನೀರಿಗೆ ಸುರಿದು ನಲವತ್ತೈದು ಡಿಗ್ರಿಯಲ್ಲಿ ಅರ್ಧ ಗಂಟೆ ಬಿಡಬೇಕು. ಲವಂಗದ ವಾಸನೆಗೆ ಬುನಾದಿ ಬೀಳುವುದು ಅಲ್ಲೇ, ಎಂದ ಓಟ್ಮಾರ್. ಅವನ ಥರ್ಮಾಮೀಟರ್ ಸರಿ ಇದೆಯೋ ಇಲ್ಲವೋ ಎಂದು ಅವಳು ತನ್ನ ಎರಡನ್ನು ಅದ್ದಿ ನೋಡಿದಳು. ಮೂರೂ ಒಂದೇ ತೋರಿಸಿದ್ದು ಅವಳಿಗೆ ಸಮಾಧಾನಕ್ಕಿಂತ ಆಶ್ಚರ್ಯ ತಂದಿತು. ಸೋಸಿದ ಸಿಹಿ ರಸವನ್ನು ಕಹಿ ಕೊಡುವ ಹಾಪ್ಸ್ ಹೂವಿನೊಂದಿಗೆ ಕುದಿಸಿ, ತಣಿಸಿ, ನೆಲಮಾಳಿಗೆಯ ತೊಟ್ಟಿಗೆ ಹಾಕಿ, ಮೇಲೆ ಯೀಸ್ಟ್ ಸುರಿದರು.

"ನಾಳೆ ಬೆಳಿಗ್ಗೆ ಬರ್ತೀನಿ. ನೊರೆ ತೆಗೀಬೇಕು."

"ನಾಲ್ಕು ದಿನ ಬಿಟ್ಟು ಬಾ" ಎಂದಳು ವಾಲ್ಬುರ್ಗಾ. ಕಂಪನಿಯವರು ಇವನ ಕೈಲಿ ಏನಾದರೂ ಕಾಗದಕ್ಕೆ ಸಹಿ ಹಾಕಿಸಿಕೊಂಡಿರಬಹುದು. ತಾನಿಲ್ಲದಾಗ ತೊಟ್ಟಿಗೆ ಏನಾದರೂ ಬೆರೆಸಿದರೆ? ಅವನು ಹೋದ ಮೇಲೆ ತೊಟ್ಟಿಗೆ ಮುಚ್ಚಳ ಹಾಕಿ, ಮೇಲೊಂದು ಕಲ್ಲು ಹೇರಿ, ನೆಲಮಾಳಿಗೆಗೆ ಬೀಗ ಜಡಿದಳು. ಮರುದಿನ ಅವನು ಬಂದಾಗ ಬಾಗಿಲು ತೆರೆಯಲಿಲ್ಲ.

ನಾಲ್ಕನೆಯ ದಿನ ಇಬ್ಬರೂ ರುಚಿ ನೋಡಿದರು. ಬೇವಿನ ಕಷಾಯದಂಥ ಕಹಿ. ಅದು ಅವಳಿಗೂ ಗೊತ್ತಾಯಿತು.

"ಯೀಸ್ಟ್ ಬದಲಾಯಿಸಿ ಕೊಟ್ಟೆ ಅಲ್ವಾ? ಎಷ್ಟು ದಿನದಿಂದ ಆ ಕಂಪನಿ ಕಡೆ ಇದ್ದೀಯ?"

ಓಟ್ಮಾರ್ ಮುಚ್ಚಳವನ್ನು ತಿರುಗಿಸಿ ಹಿಡಿದ. ಒಳಗೆಲ್ಲ ಕಂದು ಬಣ್ಣದ ಜಿಗುಟು ಮೆತ್ತಿಕೊಂಡಿತ್ತು.

"ನೋಡು. ಗೋಧಿ ಬಿಯರಿನ ಯೀಸ್ಟು ಮೇಲಕ್ಕೆ ಹತ್ತುತ್ತೆ, ಹಾಪ್ಸಿನ ಕಹಿನೆಲ್ಲ ಹೊತ್ಕೊಂಡು. ಮೊದಲು ಬರೋದು ಕಂದು ನೊರೆ. ಅದನ್ನ ಜಾಲರಿಯಲ್ಲಿ ತೆಗೀತಾ ಇರಬೇಕು. ನೀನು ಕಲ್ಲು ಹೇರಿದೆ, ಅದು ಹೋಗೋಕೆ ಜಾಗ ಇಲ್ದೆ ವಾಪಸ್ ಒಳಗೇ ಬಿತ್ತು. ಭಟ್ಟೀಲಿ ಇದಕ್ಕೆ ಮೂರು ಜನ ಪಾಳಿ ಮೇಲೆ ಇರ್ತಿದ್ವಿ. ನನಗೆ ಬೈಯೋ ಹಾಗಿದ್ರೆ ಬೈಕೋ, ಆದ್ರೆ ನನ್ನ ಯೀಸ್ಟಿಗೆ ಬೈಬೇಡ."

ಕ್ಷಮೆ ಕೇಳುವುದು ಅವಳ ಅಭ್ಯಾಸದಲ್ಲಿರಲಿಲ್ಲ. ಹಂದಿ ರೋಸ್ಟ್ ಮಾಡಿ ಬಡಿಸಿದಳು. ತೊಟ್ಟಿಯನ್ನು ಚರಂಡಿಗೆ ಸುರಿದು, ಮತ್ತೊಮ್ಮೆ ಸುಂಕದ ಕಚೇರಿಗೆ ಬರೆದಳು.

ಎರಡನೆಯ ಸಲ ತೊಟ್ಟಿ ತೆರೆದೇ ಇತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಎರಡು ಗಂಟೆಗೊಮ್ಮೆ ಓಟ್ಮಾರ್ ಕಂದು ನೊರೆ ತೆಗೆದ, ಕೆಳಗಿನಿಂದ ಬೆಳ್ಳಗಿನದು ಉಬ್ಬಿ ಬರುವವರೆಗೆ. ವಾಲ್ಬುರ್ಗಾ ಸ್ಟೂಲಿನ ಮೇಲೆ ಕೂತು ಅವನ ಕೈಯನ್ನೇ ನೋಡುತ್ತಿದ್ದಳು. "ಕಣ್ಣು ಮಿಟುಕಿಸೇ, ಒಣಗಿಹೋಗುತ್ತೆ" ಎಂದ. ಅವಳು ಮಿಟುಕಿಸಲಿಲ್ಲ. ಹುಳಿಯುವುದು ನಿಂತು ನೊರೆ ಇಳಿದ ಮೇಲೆ, ಎತ್ತಿಟ್ಟಿದ್ದ ಸಿಹಿ ರಸವನ್ನು ಸ್ವಲ್ಪ ಸ್ವಲ್ಪ ಸೇರಿಸಿ ಬಾಟಲಿಗೆ ತುಂಬಿ, ಮೂರು ವಾರ ಬಿಟ್ಟರು.

ಒಂದು ಶನಿವಾರ ಮಧ್ಯಾಹ್ನ ಅವಳ ಅಡಿಗೆಮನೆಯಲ್ಲಿ ಎರಡು ಗ್ಲಾಸ್ ಇಟ್ಟುಕೊಂಡರು, ಒಂದರಲ್ಲಿ ಎಗಿಡ್‌ನ ಬಿಯರ್, ಇನ್ನೊಂದರಲ್ಲಿ ಇವರದು. ಓಟ್ಮಾರ್ ತಮ್ಮದನ್ನು ಮೂಸಿದ. "ಅದೇ" ಎಂದ, ಅಷ್ಟೇ.

ವಾಲ್ಬುರ್ಗಾ ಎರಡನ್ನೂ ಮೂಸಿದಳು, ಕುಡಿದಳು, ಮತ್ತೆ ಮೂಸಿದಳು. ಎರಡೂ ಒಂದೇ. ಲವಂಗ ಅದರಲ್ಲೂ ಇಲ್ಲ, ಇದರಲ್ಲೂ ಇಲ್ಲ.

ನನ್ನ ಮುಖ ನೋಡಿ ಸುಳ್ಳು ಹೇಳುತ್ತಿದ್ದಾನೆ, ಎಂದುಕೊಂಡಳು. "ಕಿಟಕಿ ಕಡೆ ತಿರುಗು" ಎಂದು ಗ್ಲಾಸುಗಳನ್ನು ಅದಲುಬದಲು ಮಾಡಿದಳು. ಅವನು ಸರಿಯಾಗಿ ಹೇಳಿದ. ಎರಡನೆಯ ಸಲವೂ. ಮೂರನೆಯ ಸಲ ಎರಡರಲ್ಲೂ ಎಗಿಡ್‌ನದನ್ನೇ ಸುರಿದಿಟ್ಟಳು. "ಇದೇನೇ, ಎರಡೂ ಲಾರೀದೇ ಅಲ್ವಾ?" ಎಂದ.

ವಾಲ್ಬುರ್ಗಾ ಕುರ್ಚಿ ಎಳೆದುಕೊಂಡು ಕೂತಳು. ಎರಡು ವರ್ಷದ ಹಿಂದೆ ಅವಳು ಹೇಳಿದ್ದು ನಿಜವೇ ಆಗಿತ್ತು. ಆಮೇಲೆ ಯಾವಾಗಲೋ, ಒಂದು ಮಾತೂ ಹೇಳದೆ, ಮೂಗು ಹೋಗಿಬಿಟ್ಟಿತ್ತು.

ಓಟ್ಮಾರ್‌ಗೆ ಅರ್ಥವಾಯಿತು. "ನಾಳೆ ಹೋಟೆಲಲ್ಲಿ ನಿನ್ನದು ಎಡಗಡೆ ಇದ್ರೆ ಕೆಮ್ತೀನಿ" ಎಂದ ಮೆಲ್ಲಗೆ.

"ಕೆಮ್ಮಿದ್ರೆ ಎದ್ದು ಬರ್ತೀನಿ. ಮೋಸ ಹಿಡಿಯೋದು ನನ್ನ ಕೆಲಸ, ಮಾಡೋದಲ್ಲ."

ಭಾನುವಾರ ಮೂಲೆಯ ಮೇಜು ತುಂಬಿತ್ತು. ಎಗಿಡ್ ಕೌಂಟರಿನ ಹಿಂದೆ ಅವಳು ತಂದ ಬಾಟಲಿಯಿಂದ ಒಂದು, ತನ್ನದರಿಂದ ಒಂದು ಗ್ಲಾಸ್ ತುಂಬಿ, ತಳದ ಕೆಳಗೆ ಯಾವುದು ಯಾರದೆಂಬ ಚೀಟಿ ಅಂಟಿಸಿ ತಂದಿಟ್ಟ. ಸುರಿಯುವಾಗ ತಾನೂ ಮೂಸಿದ್ದನೇನೋ, ಮುಖ ಸ್ವಲ್ಪ ಗಂಭೀರವಾಗಿತ್ತು. "ಹೇಳಿ ಐಶಿಂಗರಮ್ಮ, ಹಳೇದು ಯಾವುದು?"

ಅವಳು ಆತುರವಿಲ್ಲದೆ ಎರಡನ್ನೂ ಮೂಸಿದಳು. ಆಮೇಲೆ ಅಂಚೆಯ ದರ ಹೇಳುವ ಧ್ವನಿಯಲ್ಲಿ ಹೇಳಿದಳು: "ನನಗೆ ಗೊತ್ತಾಗ್ತಿಲ್ಲ."

ನಗು ಎದ್ದಿತು. "ನಾನು ಹೇಳ್ಲಿಲ್ವಾ!" ಎಂದ ಎಗಿಡ್.

"ನನ್ನ ಮೂಗಿನ ವಿಷಯ ನೀನು ಹೇಳಿದ್ದು ಸರಿ. ಬಿಯರಿನ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ."

ಎರಡೂ ಗ್ಲಾಸನ್ನು ಓಟ್ಮಾರ್‌ನ ಮುಂದಕ್ಕೆ ತಳ್ಳಿದಳು. ಅವನು ಒಂದೊಂದು ಸಲ ಮೂಸಿ, ಬಲಗಡೆಯದನ್ನು ಬೆರಳಿನಿಂದ ಅವಳ ಕಡೆಗೆ ಸರಿಸಿದ. "ನಮ್ಮದು."

ಎಗಿಡ್ ನಗುವುದನ್ನು ನಿಲ್ಲಿಸಿದ್ದ. "ಬೇಕಾದ್ರೆ ತಳ ನೋಡ್ಕೊಳ್ಳಿ" ಎಂದ, ಕಲೆಯಿಲ್ಲದ ಮೇಜನ್ನು ಒರೆಸುತ್ತ.

ಕತ್ತುಗಳೆಲ್ಲ ಮುಂದೆ ಬಾಗಿದವು. ವಾಲ್ಬುರ್ಗಾ ಓಟ್ಮಾರ್ ಸರಿಸಿದ ಗ್ಲಾಸ್ ಕೈಗೆತ್ತಿಕೊಂಡಳು, ನೇರ ತುಟಿಗಿಟ್ಟು ಮೇಲೆತ್ತಿ ಕುಡಿದಳು. ತಳದ ಚೀಟಿಯನ್ನು ಮೇಜಿನಲ್ಲಿದ್ದವರೆಲ್ಲ ಓದಿದರು, ಅವಳೊಬ್ಬಳನ್ನು ಬಿಟ್ಟು.