ಅರ್ಧ ನಿಮಿಷ ಹಿಂದಿದ್ದ ಹುಡುಗ

ಹೋದ ಭಾನುವಾರ ಸಂಜೆ ನಮ್ಮಣ್ಣನ ಮಗಳನ್ನು ನೋಡಲು ಶಿರಾದಿಂದ ಗಂಡಿನ ಕಡೆಯವರು ಬಂದಿದ್ದರು. ಆದರೆ ಅವರು ಇನ್ನೂ ಬಂದಿರಲಿಲ್ಲ.

ತಲೆ ಕೆಡಿಸಿಕೊಳ್ಳಬೇಡಿ. ಏಳು ಜನ ಎದುರು ಮನೆಯ ಜಗುಲಿಯ ಮೇಲೆ ಸಾಲಾಗಿ ಕೂತಿದ್ದರು. ಇತ್ತ ನಮ್ಮಣ್ಣ ಇಸ್ತ್ರಿ ಪಂಚೆ ಉಟ್ಟು ಬಾಗಿಲಲ್ಲಿ ನಿಂತು, ಅವರನ್ನು ಕಂಡರೂ ಕಾಣದವನ ಹಾಗೆ ಆಕಾಶ ನೋಡುತ್ತಿದ್ದ. ನಡುವೆ ಹನ್ನೆರಡು ಅಡಿ ಸಿಮೆಂಟ್ ರಸ್ತೆ. ಆ ಹನ್ನೆರಡು ಅಡಿಯಲ್ಲಿ ರಾಹುಕಾಲ ಇತ್ತು.

ಆದದ್ದು ಇಷ್ಟೇ. ಕೊಳಾಲದ ಹತ್ತಿರ ಅಣ್ಣನ ಊರು. ಮೂರೂವರೆಗೆ ಬರಬೇಕಾದವರ ಗಾಡಿ ದೊಡ್ಡೇರಿ ಹತ್ತಿರ ಪಂಕ್ಚರ್ ಆಯಿತು. ಸ್ಟೆಪ್ನಿ ತೆಗೆದರೆ ಅದರಲ್ಲೂ ಗಾಳಿ ಇಲ್ಲ. ಊರು ಮುಟ್ಟುವಾಗ ಮುಕ್ಕಾಲು ಗಂಟೆ ಕಮ್ಮಿ ಐದೂವರೆ ಅನ್ನಿ, ಅಂದರೆ ನಾಲ್ಕೂ ಮುಕ್ಕಾಲು. ಭಾನುವಾರದ ರಾಹುಕಾಲ ನಾಲ್ಕೂವರೆಯಿಂದ ಆರು (ನಮ್ಮ ಕಡೆ ಮಕ್ಕಳಿಗೆ ಮಗ್ಗಿ ಬರದಿದ್ದರೂ ಇದು ಬರುತ್ತದೆ). ಹುಡುಗನ ಅಜ್ಜಿ ಪಾವಗಡದ ಕಡೆಯವರು, ಮಾತಿನ ನಡುವೆ ತೆಲುಗು ನುಸುಳುತ್ತದೆ. ಗಾಡಿಯಿಂದ ಇಳಿದವರೇ ಎಲ್ಲರಿಗೂ ಕೈ ಅಡ್ಡ ಹಿಡಿದರು.

"ವದ್ದು, ವದ್ದು, ಬ್ಯಾಡ. ರಾಹುಕಾಲದಾಗೆ ಹೊಸ್ತಿಲು ದಾಟಾಕಾಗ್ತದೇನಪ್ಪ? ನಾವಿನ್ನೂ ಬಂದಿಲ್ಲ ಅಂದ್ಕಳ್ಳಿ. ಆರು ಗಂಟೆಗೆ ಬತ್ತೀವಿ."

ಅಣ್ಣ ಮಜ್ಜಿಗೆ ಕಳಿಸಿದ. ಬಂದೇ ಇಲ್ಲದವರು ಮಜ್ಜಿಗೆ ಕುಡಿಯುವುದು ಹೇಗೆ? ತಂಬಿಗೆ ಹಾಗೇ ವಾಪಸ್ ಬಂತು. ಎದುರು ಮನೆಯವರು ಕೊಟ್ಟ ಮಜ್ಜಿಗೆಯನ್ನು ಮಾತ್ರ ಎರಡೆರಡು ಲೋಟ ಕುಡಿದರು. ಆ ಮಜ್ಜಿಗೆಗೆ ರಾಹುವಿನ ಕಾಟ ಇರಲಿಲ್ಲವಂತೆ.

ನಾನು ಮಧುಗಿರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್. ಕಣ್ಣೆದುರೇ ಇದ್ದಾರೆ, ಆದರೆ ಬಂದಿಲ್ಲ ಎಂಬುದನ್ನು ವಿವರಿಸುವ ಪಾಠ ನಮ್ಮ ಯಾವ ಪುಸ್ತಕದಲ್ಲೂ ಇಲ್ಲ. ಇಂಥ ಊರಿನ ಜನಕ್ಕೆ ಟೈಮ್ ಟ್ರಾವೆಲ್ ಸೀರಿಯಲ್ ಅರ್ಥವಾಗುವುದು ಏನು ಕಷ್ಟ ಹೇಳಿ?

ಹೌದು, ನಾನು ಅದೇ ಸೀರಿಯಲ್ ಬಗ್ಗೆ ಹೇಳುತ್ತಿರುವುದು. (ಹೆಸರು ಹೇಳುವುದಿಲ್ಲ. ನೀವೂ ನೋಡುತ್ತಿದ್ದೀರಿ, ಗೊತ್ತು.) ಎಪ್ಪತ್ತರ ದಶಕದ ತಾಲ್ಲೂಕು ಕಚೇರಿಯ ಗುಮಾಸ್ತ ಫೈಲ್ ಹುಡುಕಲು ಕಬ್ಬಿಣದ ಬೀರು ತೆಗೆಯುತ್ತಾನೆ, ಒಳಗೆ ಕಾಲಿಟ್ಟರೆ ಈಗಿನ ಕಾಲದ ಬ್ಯೂಟಿ ಪಾರ್ಲರಿಗೆ ಬಂದು ಬೀಳುತ್ತಾನೆ. ಪಾರ್ಲರ್ ನಡೆಸುವ ಹುಡುಗಿಗೂ ಅವನಿಗೂ ಪ್ರೀತಿ. ನೀರನ್ನು ಬಾಟಲಿಯಲ್ಲಿ ತುಂಬಿ ಮಾರುತ್ತಾರೆ ಎಂದು ಅವಳು ಹೇಳಿದರೆ ಅವನು ಬಿದ್ದು ಬಿದ್ದು ನಗುತ್ತಾನೆ. ಆದರೆ ಹತ್ತೂವರೆ ಆಗುತ್ತಿದ್ದಂತೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಬೀರುವಿನೊಳಗೆ ಓಟ. ಐವತ್ತು ವರ್ಷ ದಾಟಿ ಬರುವವನಿಗೂ ಲೇಟ್ ಮಾರ್ಕಿನ ಭಯ ಬಿಟ್ಟಿಲ್ಲ. ನಮ್ಮ ಸ್ಟಾಫ್ ರೂಮಿನವರಿಗೆ ಅವನು ಹತ್ತಿರವಾದದ್ದು ಇದರಿಂದಲೇ.

ಅಣ್ಣನ ಮಗಳು ಚೈತ್ರ ಇದರ ಪರಮ ಭಕ್ತೆ. ಇಪ್ಪತ್ತೇಳು ವರ್ಷ, ಕೊರಟಗೆರೆಯ ಬ್ಯಾಂಕೊಂದರಲ್ಲಿ ಕೆಲಸ. ಈಗಾಗಲೇ ನಾಲ್ಕು ಗಂಡುಗಳನ್ನು ಬೇಡ ಎಂದಿದ್ದಳು. ತಿಂಗಳ ಹಿಂದೆ ಅಣ್ಣ ಫೋನ್ ಮಾಡಿ ಗೋಳಾಡಿದ.

"ಆ ಬೀರುವಿನೋನ ದೆಸೆಯಿಂದ ಇವ್ಳು ಯಾರ್ನೂ ಒಪ್ತಿಲ್ಲ ಕಣಮ್ಮ. ಶಿರಾದೋರು ಬರ್ತಾವ್ರೆ. ಇದೂ ಬ್ಯಾಡ ಅಂದ್ರೆ ನಾನು ಕೈ ಎತ್ಬುಡ್ತೀನಿ, ಇನ್ನೊಂದು ಗಂಡು ಹುಡುಕಾಕಿಲ್ಲ. ನೀನು ಸೈನ್ಸ್ ಓದ್ದೋಳು, ಅಂಗೆಲ್ಲ ಆಗಾಕಿಲ್ಲ ಅಂತ ಬುದ್ಧಿ ಹೇಳು."

ಬುದ್ಧಿ ಹೇಳಬೇಕಾದರೆ ಮೊದಲು ಎದುರಾಳಿಯನ್ನು ಅರಿಯಬೇಕಲ್ಲ? ಹಳೆಯ ಸಂಚಿಕೆಗಳನ್ನೆಲ್ಲ ನೋಡಲು ಕೂತೆ. ಮೂರನೇ ವಾರಕ್ಕೆ ಹಾಲು ಉಕ್ಕಿ ಒಲೆ ಆರಿದರೂ ಗೊತ್ತಾಗದ ಸ್ಥಿತಿಗೆ ಬಂದೆ. ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚದೆ ಕೂತಿತ್ತು. ನಮ್ಮ ಮನೆಯವರು ಒಂದು ಸಂಜೆ ಬಂದು "ಅಡುಗೆ?" ಎಂದರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವರಾಡಿದ ಉದ್ದದ ಮಾತುಗಳಲ್ಲಿ ಇದೂ ಒಂದು.

ಭಾನುವಾರ ಬೆಳಿಗ್ಗೆ ನಮ್ಮ ಮನೆಯವರ ಜೊತೆ ಅಣ್ಣನ ಮನೆಗೆ ಹೋದವಳು ಚೈತ್ರಳಿಗೆ ಜಡೆ ಹಾಕುತ್ತಾ ಕೇಳಿಯೇಬಿಟ್ಟೆ. ಆ ಗುಮಾಸ್ತನಲ್ಲಿ ಅಂಥದ್ದೇನಿದೆ?

"ಅವ್ನು ಬೀರುವಿಂದ ಬರ್ತಾನೆ ಅಂತ ನಾನೇನು ನಂಬ್ಕೊಂಡಿಲ್ಲ ಅತ್ತೆ. ಬಂದ್ಮೇಲೆ ಅವಳ ಮುಖ ನೋಡ್ತಾನೆ, ಅಷ್ಟೇ. ನನ್ನ ನೋಡಕ್ಕೆ ಬಂದ ನಾಲ್ಕು ಜನ ಉಪ್ಪಿಟ್ಟು ನೋಡಿದ್ರು, ಮೊಬೈಲ್ ನೋಡಿದ್ರು. ಒಬ್ಬ ನನ್ನ ಸಂಬಳದ ಸ್ಲಿಪ್ ನೋಡ್ದ. ಅಂಥೋನ ಪಕ್ಕ ಜೀವನ ಪೂರ್ತಿ ಕೂತಿರ್ಬೇಕಲ್ಲ ಅಂತ ಹೆದ್ರಿಕೆ ಆಗ್ತದೆ."

ಅವಳು ಹಟ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆ. ಹೆದರಿದ್ದಾಳೆ ಎಂದು ಗೊತ್ತಾದಾಗ ಸಂಕಟವಾಯಿತು. ತಂದಿದ್ದ ಬುದ್ಧಿಮಾತನ್ನೆಲ್ಲ ಚೀಲದಲ್ಲೇ ಬಿಟ್ಟೆ.

ಈಗ ಮತ್ತೆ ಸಂಜೆಗೆ ಬನ್ನಿ. ಗಂಡಿನ ಕಡೆಯವರು ಬಂದಿಲ್ಲವಾದ್ದರಿಂದ ನಮಗೆ ಕೆಲಸವಿರಲಿಲ್ಲ. ಐದಕ್ಕೆ ಸೀರಿಯಲ್‌ನ ಮಹಾಸಂಚಿಕೆ. ರೇಷ್ಮೆ ಸೀರೆ ಉಟ್ಟ ಚೈತ್ರ, ನಾನು, ನಮ್ಮ ಮನೆಯವರು ಟಿವಿ ಮುಂದೆ ಕೂತೆವು. ಚೈತ್ರ ಕಿಟಕಿಯಿಂದ ಒಮ್ಮೆ ಹೊರಗೆ ನೋಡಿದಳು.

"ನೋಡತ್ತೆ, ಐದನೆಯೋನೂ ಅದೇ."

ನೋಡಿದೆ. ಹುಡುಗನ ಹೆಸರು ಲೋಹಿತ್, ಪಾವಗಡದ ಕಡೆ ಪಶು ಆಸ್ಪತ್ರೆಯಲ್ಲಿ ಕೆಲಸ. ಎಮ್ಮೆಗೆ ಸೂಜಿ ಚುಚ್ಚುವವನಷ್ಟೇ ಶ್ರದ್ಧೆಯಿಂದ ಮೊಬೈಲಿನೊಳಗೆ ಮುಖ ಹಾಕಿ ಕೂತಿದ್ದ. ಈ ಸಂಬಂಧವೂ ಮುಗಿಯಿತು ಅಂದುಕೊಂಡೆ.

ಟಿವಿಯಲ್ಲಿ ಗುಮಾಸ್ತ, ಪಾರ್ಲರಿನ ಹೇರ್ ಡ್ರೈಯರ್ ಕಂಡು ಪಿಸ್ತೂಲೆಂದು ತಿಳಿದು ಎರಡೂ ಕೈ ಎತ್ತಿ ಶರಣಾದ. ನಾವು ಮೂವರೂ ನಕ್ಕೆವು. ನಗು ಮುಗಿದು, ದೃಶ್ಯ ಬದಲಾಗಿ, ಅರ್ಧ ನಿಮಿಷ ಕಳೆದಿರಬೇಕು, ಎದುರು ಜಗುಲಿಯಿಂದ ಒಂಟಿ ನಗು ಕೇಳಿಸಿತು.

ಚೈತ್ರ ಕಿವಿ ನಿಮಿರಿಸಿದಳು. ಗುಮಾಸ್ತ ಫೇಶಿಯಲ್ ಕ್ರೀಮನ್ನು ಬ್ರೆಡ್ಡಿಗೆ ಸವರಿ ತಿಂದ. ನಾವು ನಕ್ಕೆವು. ಅರ್ಧ ನಿಮಿಷ ಬಿಟ್ಟು ಜಗುಲಿ ನಕ್ಕಿತು.

ಕ್ರಿಕೆಟ್ ನೋಡುವವರಿಗೆ ಇದು ಗೊತ್ತು. ಪಕ್ಕದ ಮನೆಯ ಟಿವಿಯಲ್ಲಿ ಸಿಕ್ಸರ್ ಹೋಗಿರುತ್ತದೆ, ನಮ್ಮ ಮೊಬೈಲಿನಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ. ಮೊಬೈಲಿಗೆ ಎಲ್ಲವೂ ಸ್ವಲ್ಪ ತಡ. ಹುಡುಗ ಅದೇ ಸೀರಿಯಲ್ ನೋಡುತ್ತಿದ್ದ, ನಮಗಿಂತ ಅರ್ಧ ನಿಮಿಷ ಹಿಂದಿನ ಕಾಲದಲ್ಲಿ.

ಚೈತ್ರ ಎದ್ದು ಹೋಗಿ ಕಿಟಕಿಯ ಪಕ್ಕ ನಿಂತಳು. ಟಿವಿಯಲ್ಲಿ ಒಂದು ಕಣ್ಣು, ಜಗುಲಿಯಲ್ಲಿ ಒಂದು ಕಣ್ಣು. "ಈಗ ನಗ್ತಾರೆ ನೋಡತ್ತೆ" ಎಂದು ಪಿಸುಗುಟ್ಟುವಳು. ಅವನು ನಗುವನು. ಇವಳ ಮುಖದಲ್ಲಿ ಅವನಿಗಿಂತ ದೊಡ್ಡ ನಗು.

ಈ ಸೀರಿಯಲ್ಲಿಗೆ ನಾವೆಲ್ಲ ಯಾಕೆ ಇಷ್ಟು ಮರುಳಾಗಿದ್ದೇವೆ ಎಂದು ಆಗ ನನಗೆ ಗೊತ್ತಾಯಿತು. ಬೀರುವಿಗಲ್ಲ, ಹಳೇ ಕಾಲಕ್ಕೂ ಅಲ್ಲ. ಮುಂದೆ ಏನಾಗುತ್ತದೆ ಎಂದು ಪಾರ್ಲರ್ ಹುಡುಗಿಗೆ ಗೊತ್ತು, ಗುಮಾಸ್ತನಿಗೆ ಗೊತ್ತಿಲ್ಲ. ಪಾಪ, ಅವನು ಒಂದೊಂದನ್ನೇ ಕಂಡು ಬೆರಗಾಗುವುದನ್ನು ಅವಳು ನೋಡುತ್ತಾ ಕೂರುತ್ತಾಳೆ. ನಾವು ತಿಂದ ಹೋಳಿಗೆಯ ಮೊದಲ ತುತ್ತನ್ನು ನಮಗೆ ಬೇಕಾದವರು ಬಾಯಿಗಿಡುವಾಗ ನೋಡುತ್ತೇವಲ್ಲ, ಆ ಸುಖ. ಅದನ್ನು ಬಿಟ್ಟು ಪ್ರೀತಿಯಲ್ಲಿ ಇನ್ನೇನಿದೆ?

ಕೊನೆಯ ದೃಶ್ಯ ಬಂತು. ಗುಮಾಸ್ತನಿಗೆ ವರ್ಗಾವಣೆ. ಇನ್ನು ಆ ಕಚೇರಿಯೂ ಇಲ್ಲ, ಆ ಬೀರುವೂ ಇಲ್ಲ. ಅವಳಿಗೆ ಕೈ ಮುಗಿದು ಹೊರಟವನು ಬೀರುವಿನ ಬಾಗಿಲಿಗೆ ಟಣ್ಣೆಂದು ತಲೆ ಹೊಡೆದುಕೊಂಡ. ಟಿವಿಯೊಳಗಿನ ಅಷ್ಟೂ ಜನ ಗೊಳ್ಳೆಂದರು. ನಾನೂ ನಮ್ಮ ಮನೆಯವರೂ ನಕ್ಕೆವು. ಚೈತ್ರ ನಗಲಿಲ್ಲ. ಕಿಟಕಿಯ ಸರಳು ಹಿಡಿದು ಜಗುಲಿಯನ್ನೇ ನೋಡುತ್ತಿದ್ದಳು.

ಅರ್ಧ ನಿಮಿಷ ಆಯಿತು. ಒಂದು ನಿಮಿಷ ಆಯಿತು. ಜಗುಲಿಯಿಂದ ನಗು ಬರಲಿಲ್ಲ. ಹುಡುಗ ಮೊಬೈಲನ್ನು ಮಗುಚಿಟ್ಟು ಸುಮ್ಮನೆ ರಸ್ತೆ ನೋಡುತ್ತಿದ್ದ.

ಆರು ಹೊಡೆಯಿತು. ಅಜ್ಜಿ ಎದ್ದರು, ಏಳೂ ಜನ ಹನ್ನೆರಡು ಅಡಿ ದಾಟಿದರು. "ಬನ್ನಿ ಬನ್ನಿ, ಯಾವಾಗ ಬಂದ್ರಿ?" ಎಂದ ನಮ್ಮಣ್ಣ. "ಈಗ್ಲೇ ಕಣಪ್ಪ" ಎಂದರು ಅಜ್ಜಿ. ಇಬ್ಬರ ಮುಖದಲ್ಲೂ ನಾಚಿಕೆಯ ಸುಳಿವಿಲ್ಲ.

ಉಪ್ಪಿಟ್ಟು, ಕೇಸರಿಬಾತ್ ಆಯಿತು. ಹುಡುಗಿಯನ್ನು ಏನಾದರೂ ಕೇಳುವುದಿದೆಯಾ ಎಂದರೆ ಲೋಹಿತ್ ತಲೆ ಅಲ್ಲಾಡಿಸಿದ. ಕೇಳಿದ್ದು ಚೈತ್ರ.

"ಕೊನೇಲಿ ಅವ್ನು ತಲೆ ಹೊಡ್ಕೊಂಡಾಗ ನೀವ್ಯಾಕೆ ನಗ್ಲಿಲ್ಲ?"

ಹುಡುಗನ ಚಮಚ ಅಲ್ಲೇ ನಿಂತಿತು. ತಲೆ ಎತ್ತಿ ಮೊದಲ ಸಲ ಅವಳ ಮುಖ ನೋಡಿದ. ನೋಡುತ್ತಲೇ ಇದ್ದ.

"ಅವ್ನು ಹೊಂಟೋಯ್ತಾನಲ್ಲ ಅನ್ನಿಸ್ಬುಡ್ತು. ನಗಾಕೆ ಆಗ್ನಿಲ್ಲ."

"ಯಾರ್ಲಾ ಹೊಂಟೋಗಿದ್ದು? ಯಾರ ಮನೇಲಿ?" ಎಂದು ಅಜ್ಜಿ ಗಾಬರಿಯಾದರು. ಸೂತಕವೇನಾದರೂ ಇದ್ದೀತೆಂಬ ಚಿಂತೆ ಅವರಿಗೆ.

ಎಲ್ಲರೂ ಗಾಡಿ ಹತ್ತಿದರು. "ಊರಿಗೋಗಿ ತಿಳಿಸ್ತೀವಿ" ಎಂದರು ಅಜ್ಜಿ, ಎಲ್ಲರೂ ಹೇಳುವ ಹಾಗೆ. ಅಣ್ಣ ಒಳಗೆ ಬಂದು ಮಗಳ ಮುಂದೆ ನಿಂತ. ಏನು ಅನ್ನುತ್ತಾಳೋ ಎಂದು ಅವಳ ಮುಖವನ್ನೇ ನೋಡಿದ.

"ನಂಗೆ ಒಪ್ಪಿಗೆ. ಈಗ್ಲೇ ಹೋಗಿ ಹೇಳ್ಬುಡಪ್ಪ."

"ಹೆಣ್ಣಿನ ಕಡೆಯೋರು ಮೊದ್ಲು ಹೇಳದಾ? ಎಲ್ಲಾದ್ರೂ ಉಂಟಾ?"

"ಹೇಳ್ಬುಡು."

ನಮ್ಮಣ್ಣ, ಪಂಚಾಂಗ ನೋಡದೆ ಕ್ಷೌರದ ಅಂಗಡಿಗೂ ಹೋಗದವನು, ಬರಿಗಾಲಲ್ಲೇ ಗಾಡಿಯ ಹತ್ತಿರ ಓಡಿದ. ನಾವೂ ಹಿಂದೆಯೇ ಹೋದೆವು. "ನಮ್ ಹುಡ್ಗಿ ಒಪ್ಪವ್ಳೆ ಕಣಮ್ಮ" ಎಂದ. ಅಜ್ಜಿ ಹಿಂದಿನ ಸೀಟಿಗೆ ತಿರುಗಿದರು.

"ಏಮಿರಾ, ನೀನೇನಂತೀಯ?"

ಹುಡುಗ ಮಾತಾಡಲಿಲ್ಲ. ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಾ ಕೂತ. ಅಣ್ಣನ ಮುಖ ಇಳಿಯಿತು. ನಾನು ಚೈತ್ರಳ ಕೈ ಹಿಡಿದುಕೊಂಡೆ. ಮೊದಲೇ ಬಾಯಿಬಿಟ್ಟು ಹುಡುಗಿಯ ಮಾನ ಕಳೆದೆವಾ?

"ಗಾಬ್ರಿ ಬೀಳ್ಬೇಡ ಅತ್ತೆ, ಅವ್ರು ಅರ್ಧ ನಿಮಿಷ ಲೇಟು" ಎಂದಳು ಚೈತ್ರ, ನನ್ನ ಕಿವಿಯಲ್ಲಿ.

ಸರಿಯಾಗಿ ಅಷ್ಟೇ ಹೊತ್ತಿಗೆ ಹುಡುಗ ಕಿವಿಯವರೆಗೂ ನಕ್ಕ.

ನಾನು ಪಕ್ಕದಲ್ಲಿದ್ದ ನಮ್ಮ ಮನೆಯವರ ಮುಖ ನೋಡಿದೆ. ಇವರು ಇಪ್ಪತ್ತೆರಡು ವರ್ಷ ಲೇಟು, ಕಾಯುತ್ತಾ ಇದ್ದೇನೆ, ಏನೀಗ?