ಜೀನ್ಸ್ ಬಟ್ಟೆಯ ಪರದೆ

ಡಿಸೆಂಬರ್ ಬಂತೆಂದರೆ ಆಂಧ್ರದ ಗಡಿಯೂರು ರಾಯದುರ್ಗದ ನಮ್ಮ ಸಿಸ್ಟರುಗಳ ಶಾಲೆಯಲ್ಲಿ ಪಾಠದ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಹಾಫ್ ಇಯರ್ಲಿ ಪರೀಕ್ಷೆ ಮುಗಿದ ಮಧ್ಯಾಹ್ನವೇ ಬೆಂಚುಗಳು ಗೋಡೆಗೆ ಸರಿಯುತ್ತಿದ್ದವು. ಒಂದು ಕೋಣೆಯಲ್ಲಿ ಕೋಲಾಟ, ಪಕ್ಕದ ಕೋಣೆಯಲ್ಲಿ ಕ್ರಿಸ್ಮಸ್ ಹಾಡು, ವರಾಂಡದಲ್ಲಿ ಬಣ್ಣದ ಕಾಗದದ ನಕ್ಷತ್ರ. ನಾನು ಒಂಬತ್ತನೇ ತರಗತಿಯಲ್ಲಿದ್ದ ವರ್ಷ ಇವೆಲ್ಲದರ ಜೊತೆಗೆ ಇನ್ನೊಂದು ಸುದ್ದಿ ಸೇರಿತ್ತು. ಆಟದ ಬಯಲಿನ ತುದಿಯಲ್ಲಿ ಸಿಮೆಂಟಿನ ಹೊಸ ವೇದಿಕೆ ಎದ್ದಿತ್ತು. ಮೇಲೆ ತಗಡು, ಎರಡು ಬದಿಗೆ ಗೋಡೆ, ಗೋಡೆಯಿಂದ ಗೋಡೆಗೆ ಪರದೆ ಕಟ್ಟಲೆಂದು ಕಬ್ಬಿಣದ ಪೈಪು. ಪರದೆ ಮಾತ್ರ ಇರಲಿಲ್ಲ.

ಅಲ್ಲಿಯವರೆಗೆ ಪ್ರತಿ ವರ್ಷ ಶಾಮಿಯಾನದವನ ಕೆಂಪು ಪರದೆಯೇ ಬರುತ್ತಿತ್ತು. ಆ ಸಲ ಅದು ಯಾವುದೋ ಸಭೆಗೆಂದು ಕಣೇಕಲ್ಲಿಗೆ ಹೋಗಿತ್ತು. ಹೆಡ್‌ಮಿಸ್ಟ್ರೆಸ್ ಸಿಸ್ಟರು ಬೆಳಗಿನ ಪ್ರಾರ್ಥನೆಯಲ್ಲಿ, ವಾರ್ಷಿಕೋತ್ಸವ ಮತ್ತು ಕ್ರಿಸ್ಮಸ್ ಎರಡನ್ನೂ ಒಂದೇ ಸಂಜೆ ಮಾಡುತ್ತೇವೆ ಎಂದು ಹೇಳಿ, ಯಾರ ಮನೆಯಲ್ಲಿ ಹೊಲಿಗೆ ಯಂತ್ರ ಇದೆ ಎಂದು ಕೇಳಿದರು. ಆ ವರ್ಷಗಳಲ್ಲಿ ನಮ್ಮೂರಿನಲ್ಲಿ ಕೇಳಬೇಕಿಲ್ಲದ ಪ್ರಶ್ನೆ ಅದು. ಬೀದಿಗೆ ಬೀದಿಯೇ ಜೀನ್ಸ್ ಹೊಲಿಯುತ್ತಿದ್ದ ಕಾಲ. ಬಯಲಿನ ತುಂಬ ಕೈಗಳೆದ್ದವು. ಸಿಸ್ಟರು ನಕ್ಕು, ಪರದೆ ಹೊಲಿದು ಕೊಡುವವರು ಯಾರು ಎಂದು ಮತ್ತೆ ಕೇಳಿದಾಗ ಕೈಗಳೆಲ್ಲ ಇಳಿದವು. ನನ್ನದು ಇಳಿಯಲಿಲ್ಲ. ಯಾಕೆ ಅಂತ ಇವತ್ತಿಗೂ ಹೇಳಲಾರೆ. ನಮ್ಮಪ್ಪ ಹೊಲಿಯುತ್ತಾರೆ ಎಂದು ಇಡೀ ಶಾಲೆಯ ಮುಂದೆ ಹೇಳಿಬಿಟ್ಟಿದ್ದೆ.

ಅಪ್ಪ ನಮ್ಮ ಶಾಲೆಯ ಗೇಟು ದಾಟಿದವರೇ ಅಲ್ಲ. ನಾವು ಮಡಕಶಿರಾ ಕಡೆಯ ಹಳ್ಳಿಯವರು. ಶೇಂಗಾ, ರಾಗಿ, ಒಂದಿಷ್ಟು ರೇಷ್ಮೆ ಸೊಪ್ಪು ನಮ್ಮ ಮನೆತನದ ಬೇಸಾಯ. ಅಪ್ಪ ಮೊದಲು ಒಬ್ಬರೇ ಬಳ್ಳಾರಿಗೆ ಹೋಗಿ ಜೀನ್ಸ್ ಹೊಲಿಗೆ ಕಲಿತರು. ಆಮೇಲೆ ರಾಯದುರ್ಗದಲ್ಲಿ ಕೆಲಸ ಸಿಕ್ಕಿ ನಮ್ಮನ್ನೆಲ್ಲ ಕರೆಸಿಕೊಂಡರು. ನನ್ನನ್ನು ಶಾಲೆಗೆ ಸೇರಿಸುವ ದಿನ ಅವರು ಗೇಟಿನ ಆಚೆ ಸೈಕಲ್ ಹಿಡಿದು ನಿಂತಿದ್ದರಂತೆ, ಒಳಗೆ ಹೋಗಿ ಸಹಿ ಹಾಕಿದ್ದು ಅಮ್ಮ. ಪೋಷಕರ ಸಭೆಗೂ ಅಮ್ಮನೇ. ಸಿಸ್ಟರುಗಳು ಇಂಗ್ಲಿಷಿನಲ್ಲಿ ಏನಾದರೂ ಕೇಳಿಬಿಟ್ಟರೆ ಎಂಬ ಅಂಜಿಕೆ ಅವರಿಗೆ.

ಸಂಜೆ ನಾನು ವಿಷಯ ಹೇಳಿದೆ. ಪ್ಯಾಂಟುಗಳ ದಾರದ ತುದಿ ಕತ್ತರಿಸುತ್ತ ಕೂತಿದ್ದ ಅಮ್ಮ ಮೊದಲು ನಕ್ಕಳು. ಅಪ್ಪ ಯಂತ್ರ ನಿಲ್ಲಿಸಿ ನನ್ನನ್ನೇ ನೋಡಿ, ಮತ್ತೆ ಯಂತ್ರ ಓಡಿಸಿದರು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಮರುದಿನ ಸಿಸ್ಟರೇ ನಮ್ಮ ಓಣಿಗೆ ಬಂದರು, ಜೊತೆಗೆ ಗಣಿತದ ಸಿಸ್ಟರು. ಅವರು ಮುಂದೆ ಮುಂದೆ ಬಂದ ಹಾಗೆ ಓಣಿಯ ಯಂತ್ರಗಳು ಒಂದೊಂದಾಗಿ ನಿಂತವು. ಅಷ್ಟು ನಿಶ್ಶಬ್ದವಾದ ಓಣಿಯನ್ನು ಕರೆಂಟು ಹೋದಾಗ ಮಾತ್ರ ನಾನು ಕಂಡಿದ್ದೆ. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕುರ್ಚಿ, ಅದು ಯಂತ್ರದ ಮುಂದಿನದು. ಹೆಡ್‌ಮಿಸ್ಟ್ರೆಸ್ ಸಿಸ್ಟರು ಏನೂ ಅಂದುಕೊಳ್ಳದೆ ಪ್ಯಾಂಟಿನ ಗಂಟಿನ ಮೇಲೆ ಕೂತುಬಿಟ್ಟರು. ಅಪ್ಪ ಗೋಡೆಗೆ ಬೆನ್ನು ತಾಗಿಸಿ ನಿಂತಿದ್ದರು.

ಸಿಸ್ಟರು ಮಂಗಳೂರು ಕಡೆಯವರು. ಅವರ ಬಾಯಲ್ಲಿ ಕನ್ನಡ ಬಂದಾಗ ಅಪ್ಪ ಬೆಚ್ಚಿದ್ದು ನನಗೆ ಕಂಡಿತು. ಇಷ್ಟು ವರ್ಷ ಅವರು ಹೆದರಿದ್ದು ಇಲ್ಲದ ಇಂಗ್ಲಿಷಿಗೆ.

"ನಮ್ಗೆ ಪ್ಯಾಂಟ್ ಒಲಿಯೋದೊಂದೇ ಗೊತ್ತಿರದು, ಸಿಸ್ಟರಮ್ಮ" ಎಂದರು ಅಪ್ಪ.

"ಪ್ಯಾಂಟಿಗಿಂತ ಇದು ಸುಲಭ ಅಲ್ವಾ? ಇದಕ್ಕೆ ಕಾಲು ಕೂಡ ಇಲ್ಲ" ಎಂದರು ಸಿಸ್ಟರು.

ಅಪ್ಪನಿಗೆ ನಗು ಬಂತು. ನಗು ಬಂದ ಮೇಲೆ ಒಲ್ಲೆ ಎನ್ನುವುದು ಕಷ್ಟ. ಅಳತೆ ತೆಗೆದುಕೊಳ್ಳಲು ಭಾನುವಾರ ಬರುತ್ತೇನೆಂದು ಒಪ್ಪಿಕೊಂಡರು. ಭಾನುವಾರ ಶಾಲೆಯಲ್ಲಿ ಯಾರೂ ಇರುವುದಿಲ್ಲ ಎನ್ನುವ ಲೆಕ್ಕ ಅವರದು. ಹಾಗೆಯೇ ಹೋಗಿ, ಸೊಂಟ ಅಳೆಯುವ ಟೇಪಿನಲ್ಲಿ ವೇದಿಕೆಯನ್ನು ತುಂಡು ತುಂಡಾಗಿ ಅಳೆದು ಬಂದರು.

ಬಟ್ಟೆ ಕೊಟ್ಟವರು ಅಪ್ಪನಿಗೆ ಕೆಲಸ ಕೊಡುವ ಜೀನ್ಸ್ ಯೂನಿಟ್ಟಿನ ಮಾಲೀಕರು. ಬಣ್ಣ ಅಲ್ಲಲ್ಲಿ ಹೆಚ್ಚುಕಮ್ಮಿಯಾಗಿ, ಪ್ಯಾಂಟಿಗೆ ಬರುವುದಿಲ್ಲವೆಂದು ಮೂಲೆಗೆ ಬಿದ್ದಿದ್ದ ನೀಲಿ ಜೀನ್ಸ್ ಬಟ್ಟೆ. ಅದನ್ನು ಬಿಚ್ಚಿ ಹಾಸಿದರೆ ನಮ್ಮ ಮನೆ ಸಾಲಲಿಲ್ಲ, ಓಣಿಯಲ್ಲೇ ಹಾಸಬೇಕಾಯಿತು. ಅಪ್ಪ ಪರದೆ ಹೊಲಿಯುತ್ತೇನೆಂದು ಕೂತರು ನಿಜ, ಕೈ ಮಾತ್ರ ಪ್ಯಾಂಟನ್ನೇ ಹೊಲಿಯಿತು. ಅಂಚಿಗೆಲ್ಲ ಕಿತ್ತಳೆ ದಾರದ ಜೋಡಿ ಹೊಲಿಗೆ ಬಂತು. ಮೂಲೆಮೂಲೆಗೆ ಹಿತ್ತಾಳೆಯ ರಿವಿಟ್ಟು. ಮೇಲ್ಗಡೆ ಸೊಂಟಪಟ್ಟಿಯಂಥ ದಪ್ಪ ಪಟ್ಟಿ, ಅದಕ್ಕೆ ಸಾಲಾಗಿ ಬೆಲ್ಟಿನ ಲೂಪುಗಳು. ಬೆಲ್ಟು ತೂರುವ ಹಾಗೆ ಪೈಪು ತೂರಬೇಕು, ಅಷ್ಟೆ. ಬಟ್ಟೆಯ ಭಾರಕ್ಕೆ ಯಂತ್ರ ಮುಂದಕ್ಕೆ ಎಳೆಯುತ್ತಿರಲಿಲ್ಲವಾದ್ದರಿಂದ ಅಮ್ಮ, ನಾನು, ಎದುರು ಮನೆಯ ಅಕ್ಕ, ಎಲ್ಲರೂ ಬಟ್ಟೆಯನ್ನು ತೊಡೆಯ ಮೇಲೆ ಹೊತ್ತು ಸರಿಸುತ್ತ ಕೂತೆವು.

ಎದುರು ಮನೆಯ ಅಕ್ಕ ಬೊಮ್ಮನಹಾಳ್ ಕಡೆಯವರು, ಅವರ ನಾಲಿಗೆ ಸುಮ್ಮನಿರದು. ಹೊಲಿಗೆ ಮುಗಿದು ಓಣಿಯಲ್ಲಿ ಹರಡಿದಾಗ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಯಾಕ್ರೀ ಅಣ್ಣಾರ, ಇದು ಯಾರ ಅಳತಿರೀ? ಅಂಥಾ ಸೊಂಟದಾಂವ ನಮ್ಮ ತಾಲೂಕಿನ್ಯಾಗ ಯಾರದಾನ?" ಎಂದರು. ಇಡೀ ಓಣಿ ನಕ್ಕಿತು. ಅಪ್ಪನೂ ನಕ್ಕರು. ಆದರೂ ಬಗ್ಗಿ ಒಂದೊಂದು ಲೂಪನ್ನೂ ಎಳೆದೆಳೆದು ನೋಡಿದರು.

ಕಾರ್ಯಕ್ರಮದ ದಿನ ಪರದೆಯ ಎರಡು ಪಾಲನ್ನು ಎರಡು ಗಂಟು ಕಟ್ಟಿ ಆಟೋದಲ್ಲಿ ಹಾಕಿಕೊಂಡು ಹೋದೆವು. ಪೈಪಿಗೆ ಏರಿಸಿದಾಗ ಗೊತ್ತಾಯಿತು, ಇದು ಹಗ್ಗಕ್ಕೆ ಜಗ್ಗುವ ಪರದೆಯಲ್ಲ. ಆ ಭಾರಕ್ಕೆ ಹಗ್ಗವೇ ಹರಿಯಿತು. ಒಂದೊಂದು ಪಾಲನ್ನು ಒಬ್ಬೊಬ್ಬರು ಹಿಡಿದು ನಡೆದುಕೊಂಡೇ ಹೋಗಬೇಕು. ಒಂದು ಪಾಲಿಗೆ ಡ್ರಿಲ್ ಮಾಸ್ತರು ನಿಂತರು. ಇನ್ನೊಂದಕ್ಕೆ ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ, ಅಪ್ಪ ಆಗಲೇ ಅದನ್ನು ಹಿಡಿದುಕೊಂಡಿದ್ದರು. ಡ್ರಿಲ್ ಮಾಸ್ತರ ಕಡೆ ಪೈಪಿಗೆ ಬೆಸುಗೆ ಹಾಕಿದ ಒಂದು ಗಂಟು ಇತ್ತು. ಅಲ್ಲಿ ನಿಧಾನ ಮಾಡ್ರಿ ಎಂದು ಅಪ್ಪ ಹೇಳಿದ್ದರು. ಮಾಸ್ತರು ಹೂಂ ಅಂದಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಬಯಲು ತುಂಬಿತು. ನಮ್ಮ ಓಣಿಯವರೆಲ್ಲ ಕೆಲಸ ಬಿಟ್ಟು ಬಂದಿದ್ದರು. ಗುಮ್ಮಗಟ್ಟ ಕಡೆಯಿಂದ ಕುರಿ ಸಾಕುವ ಮನೆಯವರೂ ಬಂದಿದ್ದರು, ನಾಟಕದಲ್ಲಿ ಕುರುಬರ ಪಾತ್ರ ಅವರ ಮಕ್ಕಳದೇ. ಹೊದ್ದಿದ್ದ ಕಂಬಳಿ ಮನೆಯದು, ಅದರ ವಾಸನೆಯೂ ಮನೆಯದೇ. ಪರದೆಯ ಮುಂದೆ ನಿಂತು ಹೆಡ್‌ಮಿಸ್ಟ್ರೆಸ್ ಸಿಸ್ಟರು ವರ್ಷದ ಸುದ್ದಿ ಓದಿದರು. ಇಂಗ್ಲಿಷಿನಲ್ಲಿ ಅವರು, ತೆಲುಗಿನಲ್ಲಿ ತೆಲುಗು ಮಿಸ್ಸು. ಕಡೆಗೆ ಕಾಗದ ಮಡಚಿಟ್ಟು ಸಿಸ್ಟರು ಕನ್ನಡದಲ್ಲಿ ಬಾಯಿಮಾತಿನಲ್ಲೇ ಹೇಳಿದರು. ಹುಡುಗಿಯರ ಖೋ ಖೋ ತಂಡ ಕಲ್ಯಾಣದುರ್ಗಕ್ಕೆ ಹೋಗಿ ಗೆದ್ದು ಬಂದದ್ದು, ಹೊಸ ನೀರಿನ ಟ್ಯಾಂಕು ಸೋರುವುದು ನಿಂತದ್ದು, ವಿಜ್ಞಾನದ ಕೋಣೆಗೆ ಅಸ್ಥಿಪಂಜರ ಬಂದದ್ದು, ಅದನ್ನು ಕಂಡು ಆರನೇ ತರಗತಿಯವರು ಎರಡು ದಿನ ಆ ಕಡೆ ಹೋಗದೇ ಇದ್ದದ್ದು. ಇಂಗ್ಲಿಷಿನಲ್ಲಿ ಈ ಕೊನೆಯದು ಇರಲಿಲ್ಲ.

ಆಮೇಲೆ ಯೇಸು ಹುಟ್ಟಿದ ನಾಟಕ. ತೆಲುಗಿನಲ್ಲಿ. ಮೊದಲ ದೃಶ್ಯದಲ್ಲಿ ಯೇಸುವಿನ ತಾಯಿಯಾಗಲಿರುವ ಮರಿಯಳಿಗೆ ದೇವದೂತ ಕಾಣಿಸಿಕೊಳ್ಳಬೇಕು. ಗಂಟೆ ಬಾರಿಸಿದರು. ಅಪ್ಪನ ಪಾಲು ಸಲೀಸಾಗಿ ಸರಿದು ಗೋಡೆ ಸೇರಿತು. ಡ್ರಿಲ್ ಮಾಸ್ತರು ಪರೇಡಿಗೆ ಹೊರಟವರ ಹಾಗೆ ಜೋರಾಗಿ ಎಳೆದರು. ಬೆಸುಗೆಯ ಗಂಟಿಗೆ ಲೂಪುಗಳು ಕಚ್ಚಿಕೊಂಡು ಅವರ ಪಾಲು ನಡುವೆಯೇ ನಿಂತಿತು. ಜನಕ್ಕೆ ಕಂಡದ್ದು ಮಂಡಿಯೂರಿದ್ದ ಮರಿಯ ಒಬ್ಬಳೇ. ದೇವದೂತ ಪರದೆಯ ಹಿಂದೆ, ಒಂದು ರೆಕ್ಕೆಯ ತುದಿ ಮಾತ್ರ ಹೊರಗೆ. ದೇವದೂತನ ಪಾತ್ರದ ಹುಡುಗಿ ಒಳಗಿನಿಂದಲೇ "ಭಯಪಡವದ್ದು" ಎಂದಳು. ಹೆದರಬೇಡ ಎಂದು. ಮರಿಯ ಜೀನ್ಸ್ ಬಟ್ಟೆಗೆ ಕೈಮುಗಿದಳು. ಬಯಲಿನಲ್ಲಿ ನಗು ಎದ್ದಿತು.

ಮಾಸ್ತರು ಇನ್ನೂ ಎಳೆಯುತ್ತಲೇ ಇದ್ದರು. ನಾನು ಪಕ್ಕದಲ್ಲಿ ನನ್ನ ಸರದಿಗೆ ಕಾಯುತ್ತ ನಿಂತಿದ್ದವಳು, ಅಪ್ಪ ಏನು ಮಾಡುತ್ತಾರೆಂದು ನೋಡಿದೆ. ಅಪ್ಪ ಒಂದು ಬೆಂಚನ್ನು ಎತ್ತಿಕೊಂಡು, ಅಷ್ಟು ಜನರ ಎದುರಿಗೆ, ಮರಿಯಳನ್ನು ಬಳಸಿ ವೇದಿಕೆಯ ನಡುವಿಗೆ ನಡೆದರು. ಬೆಂಚು ಹತ್ತಿದರು. ಯಾವಾಗಲೂ ಜೇಬಿನಲ್ಲಿರುವ ದಾರ ಕತ್ತರಿಸುವ ಪುಟ್ಟ ಕತ್ತರಿ ತೆಗೆದು, ತಾವೇ ಹೊಲಿದ ಲೂಪುಗಳಲ್ಲಿ ಕಚ್ಚಿಕೊಂಡಿದ್ದವನ್ನು ಕತ್ತರಿಸಿದರು. ಪರದೆ ಸರಿಯಿತು. ದೇವದೂತ ಪೂರ್ತಿ ಕಂಡಳು.

ಅಪ್ಪ ಇಳಿದು ಓಡಿಹೋಗುವಷ್ಟರಲ್ಲಿ ಸಿಸ್ಟರು ಮೈಕು ಹಿಡಿದು ಬಂದು ಅವರನ್ನು ನಿಲ್ಲಿಸಿದರು. ಈ ಪರದೆ ಹೊಲಿದು ಕೊಟ್ಟವರು ಇವರೇ, ನಮ್ಮ ಒಂಬತ್ತನೇ ತರಗತಿಯ ಹುಡುಗಿಯ ತಂದೆ ಎಂದರು. ಚಪ್ಪಾಳೆ ಬಿತ್ತು. ಎದುರು ಮನೆಯ ಅಕ್ಕ ಎದ್ದು ನಿಂತೇ ಚಪ್ಪಾಳೆ ತಟ್ಟಿದರು. ಸಿಸ್ಟರು ಮೈಕನ್ನು ಅಪ್ಪನ ಬಾಯಿಗೆ ಹಿಡಿದರು.

ಅಪ್ಪ ಕೈಮುಗಿದರು. "ಒಂದೀಟು ಭಾರ ಆಗೈತೆ" ಎಂದರು. "ಮುಂದಿನ ಸಲ ತೆಳ್ಳಗೆ ಒಲಿತೀನಿ."

ಬಯಲು ಮತ್ತೆ ನಕ್ಕಿತು, ಈ ಸಲದ ನಗುವಿನಲ್ಲಿ ಗೇಲಿ ಇರಲಿಲ್ಲ. ಅಪ್ಪ ಬೆಂಚನ್ನು ಹೊತ್ತುಕೊಂಡೇ ತಮ್ಮ ಜಾಗಕ್ಕೆ ಹೋದರು. ಹೋಗುವಾಗ ನನ್ನ ಕಡೆ ನೋಡಲಿಲ್ಲ, ಆದರೆ ಬೆನ್ನು ನೆಟ್ಟಗಿತ್ತು.

ನನ್ನ ಪಾತ್ರ ಛತ್ರದ ಯಜಮಾನಿಯದು. ಮರಿಯ ಮತ್ತು ಅವಳ ಗಂಡ ಜೋಸೆಫ್ ಬಂದು ತಂಗಲು ಜಾಗ ಕೇಳುತ್ತಾರೆ, ನಾನು ಲಾಟೀನು ಎತ್ತಿ "ಚೋಟು ಲೇದು, ಪೋಂಡಿ" ಎನ್ನಬೇಕು. ಜಾಗ ಇಲ್ಲ, ಹೋಗಿ ಎಂದು. ಆಮೇಲೆ ಮನಸ್ಸು ಕರಗಿ ಹಿಂದಿನ ಕೊಟ್ಟಿಗೆ ತೋರಿಸಬೇಕು. ಮೊದಲ ಮಾತನ್ನು ಗಟ್ಟಿಯಾಗಿಯೇ ಹೇಳಿದೆ. ಹೇಳಿದ್ದೇ ತಡ, ಹೆಂಗಸರ ಮುಂದಿನ ಸಾಲಿನಿಂದ ಅಮ್ಮನ ದನಿ ಕೇಳಿತು.

"ಬಸುರಿ ಎಂಗ್ಸು ಕಣೆ. ಒಂದ್ ಮೂಲೆನಾದ್ರೂ ಕೊಡಬಾರದೇನೆ?"

ಪಕ್ಕದವರು ಹೌದ್ರಿ, ಹೌದ್ರಿ ಎಂದರು. ಮುಂದಿನ ತೆಲುಗು ಮಾತು ನನ್ನ ತಲೆಯಿಂದ ಹಾರಿಹೋಯಿತು. ಲಾಟೀನನ್ನು ಹಿಂದಕ್ಕೆ ತಿರುಗಿಸಿ, "ಇಂದ್ಗಡೆ ಕೊಟ್ಗೆ ಐತೆ, ಅಲ್ಲಿ ಇರ್ರಿ" ಎಂದುಬಿಟ್ಟೆ. ಜೋಸೆಫನಾಗಿದ್ದ ನನ್ನ ತರಗತಿಯವನು ತೆಲುಗು ಮನೆಯವನು. ಒಂದು ಕ್ಷಣ ನೋಡಿ, "ಆಯ್ತ್ರಿ ಅಮ್ಮಾರ" ಎಂದು ಕನ್ನಡದಲ್ಲೇ ಉತ್ತರ ಕೊಟ್ಟು ಮರಿಯಳನ್ನು ಕರೆದುಕೊಂಡು ಹೋದ. ತೆಲುಗು ಮಿಸ್ಸು ಹಣೆ ಹಿಡಿದುಕೊಂಡರು. ಜನ ಮಾತ್ರ ಖುಷಿಯಾಗಿದ್ದರು.

ನಡೆದು ಮನೆಗೆ ಬರುವಾಗ ಅಮ್ಮನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಅದು ನಾಟಕ, ನಾನು ಹೇಳಿದ್ದಲ್ಲ, ಬರೆದದ್ದು ಹಾಗಿತ್ತು ಎಂದೆ. ಆಗ ಅವಳು ಹೇಳಿದಳು. ನಾವು ಈ ಊರಿಗೆ ಬಂದಾಗ ನನ್ನ ತಮ್ಮ ಅವಳ ಹೊಟ್ಟೆಯಲ್ಲಿದ್ದನಂತೆ. ಅಪ್ಪ ಅಲ್ಲಿಯವರೆಗೆ ಯೂನಿಟ್ಟಿನಲ್ಲೇ ಮಲಗುತ್ತಿದ್ದರಂತೆ, ಮನೆ ಅಂತ ಇರಲಿಲ್ಲ. ಬಸ್ಸಿನಿಂದ ಇಳಿದು, ನನ್ನ ಕೈ ಹಿಡಿದುಕೊಂಡು, ಬಾಡಿಗೆಗೆ ಒಂದು ಕೋಣೆ ಸಿಗದೆ ಮೂರು ಓಣಿ ಸುತ್ತಿದ್ದಳಂತೆ. ನಮ್ಮ ಮನೆಯಲ್ಲಿ ಹೊರಗಿನವರ ಹೆರಿಗೆ ಬೇಡ ಎಂದವರೂ ಇದ್ದರಂತೆ. ಕಡೆಗೆ ಎದುರು ಮನೆಯ ಅಕ್ಕ, ಗುರುತು ಪರಿಚಯ ಏನೂ ಇಲ್ಲದೆ, ಒಳಕ್ಕೆ ಕರೆದು ಊಟ ಹಾಕಿ, ಈಗ ನಾವಿರುವ ಕೋಣೆಯನ್ನು ಮಾತಾಡಿ ಕೊಡಿಸಿದ್ದು. ನನಗೆ ಇದೇನೂ ಗೊತ್ತಿರಲಿಲ್ಲ. ಅಕ್ಕ ನಮ್ಮ ಮುಂದೆಯೇ ನಡೆಯುತ್ತಿದ್ದರು, ಡ್ರಿಲ್ ಮಾಸ್ತರು ಪರದೆ ಎಳೆದದ್ದನ್ನು ಯಾರಿಗೋ ಕೈ ಬೀಸಿ ತೋರಿಸುತ್ತ. ನಾನು ಹೋಗಿ ಅವರ ಕೈ ಹಿಡಿದುಕೊಂಡೆ. "ಯಾಕವ್ವ, ಚಳಿನಾ?" ಎಂದು ತಮ್ಮ ಸೆರಗನ್ನೇ ನನಗೂ ಹೊದಿಸಿದರು.

ಅಲ್ಲಿಂದ ಮುಂದೆ ಅಪ್ಪ ಪೋಷಕರ ಒಂದು ಸಭೆಯನ್ನೂ ಬಿಡಲಿಲ್ಲ. ಗಣಿತದ ಸಿಸ್ಟರ ಹತ್ತಿರ ನಿಂತು ನನ್ನ ಅಂಕ ಕೇಳುವ ಮಟ್ಟಕ್ಕೆ ಅವರ ಧೈರ್ಯ ಬೆಳೆಯಿತು. ಆ ಧೈರ್ಯದಿಂದ ನನಗೆ ಲಾಭವೇನೂ ಆಗಲಿಲ್ಲ.

ಆ ಸಲದ ಕ್ರಿಸ್ಮಸ್ ರಜೆ ಶುರುವಾದ ಮೇಲೆ ಊರಿಗೆ ಹೋದೆವು. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿ ಮಡಕಶಿರಾ, ಅಲ್ಲಿಂದ ಆಟೋ. ಮನೆಯಲ್ಲಿ ರೇಷ್ಮೆ ಹುಳ ದೊಡ್ಡವಾಗಿದ್ದವು. ಅಜ್ಜಿ ತಟ್ಟೆತಟ್ಟೆಗೆ ಸೊಪ್ಪು ಹಾಕುತ್ತಿದ್ದರು, ಹುಳ ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಅಪ್ಪ ಸೊಪ್ಪಿನ ಬುಟ್ಟಿ ಹಿಡಿದು ಅಜ್ಜಿಯ ಹಿಂದೆ ಹಿಂದೆ ಹೋಗುತ್ತ ನಾಟಕದ ಕತೆ ಹೇಳಿದರು. ಅವರು ಎಲ್ಲವನ್ನೂ ಬದಿಯಿಂದ ಕಂಡವರು. ಅವರ ಕತೆಯಲ್ಲಿ ಕೂಸನ್ನು ನೋಡಲು ಬಂದ ರಾಜರ ಕಿರೀಟದ ಹಿಂದಿನ ಕಾಗದ ಕಿತ್ತುಬಂದಿತ್ತು, ದೇವದೂತನ ರೆಕ್ಕೆಯನ್ನು ಪಿನ್ನಿನಲ್ಲಿ ಸಿಕ್ಕಿಸಿದ್ದರು, ಕೊಟ್ಟಿಗೆಯ ರಟ್ಟಿನ ಹಸುವಿಗೆ ಮುಂದೆ ಮಾತ್ರ ಬಣ್ಣ. ಅಜ್ಜಿ ಹೂಂಗುಟ್ಟುತ್ತ ಕೇಳಿದರು. ಬಸುರಿಗೆ ಜಾಗ ಸಿಗದ ಭಾಗ ಬಂದಾಗ ಸೊಪ್ಪು ಹಾಕುವ ಕೈ ನಿಂತಿತು. ಕೊಟ್ಟಿಗೆಯಲ್ಲಿ ಮಗು ಹುಟ್ಟಿತು ಎಂದಾಗ ಉಸಿರು ಬಿಟ್ಟರು.

"ಆಮ್ಯಾಕೆ ಆ ಕೂಸು ಏನಾಯ್ತಪ್ಪ?" ಎಂದು ಕೇಳಿದರು.

ಅಪ್ಪ ಬುಟ್ಟಿಯನ್ನು ಕೆಳಗಿಟ್ಟರು. "ಅದು ನಂಗೊತ್ತಿಲ್ಲ ಕಣವ್ವ. ಅಷ್ಟೊತ್ತಿಗೆ ಗಂಟೆ ಒಡದ್ರು, ನಾನು ಪರದೆ ಎಳೀಬೇಕಾಗಿತ್ತು."

ಅಜ್ಜಿ ನನ್ನ ಕಡೆ ತಿರುಗಿ ಒಂದು ತಟ್ಟೆಯನ್ನು ನನ್ನ ಮುಂದಕ್ಕೆ ಸರಿಸಿದರು. ನಾನು ಸೊಪ್ಪು ಹಾಕುತ್ತ, ನೀತಿ ಪಾಠದಲ್ಲಿ ಕೇಳಿದ್ದನ್ನೆಲ್ಲ ನೆನಪು ಮಾಡಿಕೊಂಡು, ಉಳಿದ ಕತೆ ಹೇಳಲು ಶುರು ಮಾಡಿದೆ.