ಬೀಜಕ್ಕೆ ಬಿಟ್ಟ ಸೋರೆಕಾಯಿ

ನಾಗರತ್ನ ನೀರಿನ ಬಿಂದಿಗೆಯನ್ನು ಎಡ ಸೊಂಟದಿಂದ ಬಲ ಸೊಂಟಕ್ಕೆ ಬದಲಿಸಿದ್ದು ನನ್ನ ಕಣ್ಣಿಗೆ ಬಿದ್ದಿತ್ತು. ನನ್ನನ್ನು ಮದುವೆಯಾಗಿ ಇಪ್ಪತ್ತೆರಡು ವರ್ಷ ಎಡಕ್ಕೇ ಹೊತ್ತವಳು. ನೋಡಿದೆ. ಯಾಕೆಂದು ಕೇಳಲಿಲ್ಲ. ಪಾಂಡವಪುರದ ರಸ್ತೆಯಲ್ಲಿ ಅಂದು ಕಬ್ಬಿನ ಗಾಡಿಗಳು ಸಾಲುಗಟ್ಟಿದ್ದವು. ಆ ಸುದ್ದಿಯ ಲಕೋಟೆಯನ್ನು ಮೈಸೂರಿನ ಬಸ್ಸಿಗೆ ಹಾಕುವ ಅವಸರ ನನ್ನದು.

ನಾನು ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಕೇಳುವುದೇ ನನ್ನ ಕಸುಬು.

ಎಂಟು ತಿಂಗಳ ಮೇಲೆ, ಕೈಯೆತ್ತಿ ತಲೆ ಬಾಚಿಕೊಳ್ಳಲು ಆಗದಿದ್ದಾಗ ಅವಳೇ ಹೇಳಿದಳು. ಎಡ ಎದೆಯಲ್ಲಿ ಗಂಟು, ಕಂಕುಳಲ್ಲಿ ಇನ್ನೊಂದು. ಮೈಸೂರಿನಲ್ಲಿ ಬಯಾಪ್ಸಿ ಆಯಿತು. ಡಾಕ್ಟರು ರಿಪೋರ್ಟನ್ನು ಮೇಜಿನ ಮೇಲಿಟ್ಟು ಅವಳನ್ನು ಕೇಳಿದರು.

“ಎಷ್ಟು ದಿನದಿಂದ ಇದೆಯಮ್ಮಾ?”

“ಆಗೈತೆ, ಒಂದೆಂಟು ತಿಂಗ್ಳು.”

“ಯಜಮಾನರಿಗೆ ಹೇಳಲಿಲ್ಲವೆ?”

“ಅವ್ರು ತಾಲ್ಲೂಕ್ನೋರ್ನೆಲ್ಲ ಕೇಳ್ತಾವ್ರೆ ಸಾರ್. ನನ್ ಸರದಿ ಇನ್ನೂ ಬಂದಿರ್ಲಿಲ್ಲ.”

ನಗುತ್ತಲೇ ಹೇಳಿದಳು. ಡಾಕ್ಟರು ನಗಲಿಲ್ಲ.

ಬ್ರೆಸ್ಟ್ ಕ್ಯಾನ್ಸರ್. ಲಿವರ್‌ಗೂ ಹರಡಿತ್ತು.

ಎಸ್‌ಟಿಡಿ ಬೂತಿನಿಂದ ಅವಳ ತಂಗಿ ಜಯಳಿಗೆ ಸುದ್ದಿ ಮುಟ್ಟಿಸಿದೆ. ಕೆ.ಆರ್. ಪೇಟೆಯಿಂದ ಮರುದಿನವೇ ಬಂದಳು. ಮೂರು ವಾರಕ್ಕೊಮ್ಮೆ ಕೀಮೋಥೆರಪಿ. ಗಂಜಿ ಕಾಯಿಸುವುದನ್ನು ಕಲಿತೆ. ತಲೆದಿಂಬಿನ ಮೇಲಿನ ಕೂದಲನ್ನು ಅವಳು ಏಳುವ ಮೊದಲೇ ತೆಗೆಯುವುದನ್ನು ಕಲಿತೆ. ಜ್ವರ, ವಾಂತಿ, ಮಾತ್ರೆಯ ಹೊತ್ತು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಈಗ ತೆಗೆದು ಓದಿದರೆ ಅದು ತಪ್ಪಿಲ್ಲದ ವರದಿ. ಅವಳಿಗೆ ಭಯವಾಗುತ್ತಿತ್ತೇ ಎಂಬುದು ಮಾತ್ರ ಅದರಲ್ಲಿಲ್ಲ.

ಬಚ್ಚಲುಮನೆಯ ಹೆಂಚಿನ ಮೇಲೆ ಅವಳು ಹಬ್ಬಿಸಿದ್ದ ಸೋರೆಬಳ್ಳಿ ಇತ್ತು. ಒಂದು ಬೆಳಿಗ್ಗೆ ನನ್ನನ್ನು ಏಣಿ ಹತ್ತಿಸಿ, ಎಲ್ಲಕ್ಕಿಂತ ದುಂಡಗಿದ್ದ ಕಾಯಿಯ ತೊಟ್ಟಿಗೆ ಹಳೆ ಸೀರೆಯ ಚೂರು ಕಟ್ಟಿಸಿದಳು. ಇದು ಬೀಜಕ್ಕೆ, ಯಾರೂ ಕೀಳಬೇಡಿ ಎನ್ನುವ ಗುರುತು ಅದು.

“ಮರ್ತು ಸಾರಿಗಾಕ್ಬುಟ್ಟೀರ, ಜ್ವಾಪಾನ,” ಎಂದಳು.

ಕಾಯಿ ಒಣಗುವ ಮೊದಲೇ ಅವಳು ಹೋದಳು.

ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬೂದಿ ಬಿಟ್ಟು ಬಂದೆವು. ಬಳ್ಳಿ ಸೊರಗಿತು. ಸೀರೆಚೂರು ಕಟ್ಟಿದ್ದ ಕಾಯಿ ಒಣಗಿ ಹಗುರವಾಯಿತು. ಅಲುಗಿಸಿದರೆ ಒಳಗೆ ಬೀಜ ಗಲಗಲ ಎನ್ನುತ್ತಿತ್ತು. ಬಿತ್ತನೆಗೆ ಮೊದಲು ಬಂದ ಜಯ ಕೈಚಾಚಿದಳು.

“ಕೊಡಿ ಇತ್ಲಾಗೆ ಭಾವ. ಕಲ್ಲಿಗೊಂದ್ಸಲ ಕುಕ್ಕುದ್ರೆ ಬೀಜ ಈಚೆಗೆ ಬತ್ತವೆ.”

ಎಲ್ಲರೂ ಹಾಗೆಯೇ ತೆಗೆಯುವುದು. ನನ್ನಿಂದ ಒಡೆಯಲಾಗಲಿಲ್ಲ. ಗರಗಸದ ತುಂಡು ಬ್ಲೇಡಿನಿಂದ ತೊಟ್ಟಿನ ಸುತ್ತ ಒಂದು ಬಾಯಿ ಕೊಯ್ದೆ. ಅದಕ್ಕೇ ಒಂದು ಮಧ್ಯಾಹ್ನ ಹಿಡಿಯಿತು. ಒಳಗಿನ ಒಣ ತಿರುಳಿನ ಧೂಳಿಗೆ ಕೆಮ್ಮು ಬಂತು. ಬೀಜವೆಲ್ಲ ಜಯಳಿಗೆ ಕೊಟ್ಟೆ. ಬುರುಡೆ ನನ್ನ ಕೈಯಲ್ಲಿ ಉಳಿಯಿತು.

ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಮೇಲಿನ ಸಿಪ್ಪೆಯನ್ನು ಚಮಚದ ಅಂಚಿನಿಂದ ಹೆರೆದೆ. ಹುಚ್ಚೆಳ್ಳೆಣ್ಣೆ ಉಜ್ಜಿದಾಗ ಜೇನಿನ ಬಣ್ಣ ಬಂತು. ಗೋಣಿ ಹೊಲಿಯುವ ದಬ್ಬಳವನ್ನು ಕಾಯಿಸಿ ಗೆರೆ ಎಳೆಯಲು ಹೋದರೆ ಜಾರಿತು. ತೂತು ಮಾತ್ರ ನೆಟ್ಟಗೆ ಬೀಳುತ್ತಿತ್ತು. ಹಾಗಾದರೆ ಬಾಗಿಲಲ್ಲಿ ಅವಳು ಹಾಕುತ್ತಿದ್ದ ಚುಕ್ಕಿ ರಂಗೋಲಿಯನ್ನೇ ಚುಚ್ಚೋಣ ಎನ್ನಿಸಿತು. ಎಷ್ಟು ಚುಕ್ಕಿ? ನೆನಪಾಗಲಿಲ್ಲ. ಜಯಳನ್ನು ಕೇಳಿದೆ.

“ಇಪ್ಪತ್ತೆರಡ್ ವರ್ಸ ಅದನ್ನೇ ದಾಟ್ಕಂಡ್ ಓಡಾಡುದ್ರಲ್ಲ ಭಾವ, ಅಷ್ಟೂ ಗೊತ್ತಿಲ್ವಾ?”

ಬೈದಳು. ಆಮೇಲೆ ಅಂಗಳದಲ್ಲಿ ಕೂತು ಹಾಕಿ ತೋರಿಸಿದಳು. ಹದಿಮೂರು ಚುಕ್ಕಿಯ ಸಾಲು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಆ ಬುರುಡೆಯೊಳಗೆ ಬಲ್ಬು ಇಟ್ಟ ಸಂಜೆ ಗೋಡೆಯ ಮೇಲೆ ರಂಗೋಲಿ ಬಿತ್ತು. ಸ್ವಲ್ಪ ಸೊಟ್ಟಗೆ.

ಅದಾಗಿ ಎರಡು ಬೆಳೆ ಕಳೆದಿವೆ. ಸುದ್ದಿ ಈಗಲೂ ಕಳಿಸುತ್ತೇನೆ. ಉಳಿದ ಹೊತ್ತು ಬುರುಡೆಗಳದ್ದು. ನಾಗಮಂಗಲದಿಂದಲೂ ಜನ ದೀಪ ಕೇಳಿಕೊಂಡು ಬರುತ್ತಾರೆ. ದುಃಖ ಕಡಿಮೆಯಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಕೈಗೆ ಕೆಲಸ ಸಿಕ್ಕಿದೆ, ಅದು ನಿಜ.

ಕಳೆದ ವಾರ ಜಯ ಅದೇ ಬೀಜದ ಬಳ್ಳಿಯ ಒಣ ಬುರುಡೆಗಳನ್ನು ಚೀಲದಲ್ಲಿ ತಂದಳು. ಅಂಗಳ ದಾಟುವಾಗ ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಿಸಿದಳು.

ದಬ್ಬಳ ಕೆಳಗಿಟ್ಟೆ.

“ಯಾಕೆ ಜಯ, ಎಡಗೈ ನೋವಾ?”

“ಅಯ್ಯೋ, ಬಸ್ಸಲ್ಲಿ ಕಂಬಿ ಇಡ್ಕಂಡ್ ನಿಂತಿದ್ದೆ ಕಣ್ ಭಾವ. ಜೋಮು ಅಷ್ಟೆಯ.”

“ಗಂಟು ಗಿಂಟು ಏನಾದರೂ?”

ಅವಳ ನಗು ನಿಂತಿತು. ಚೀಲವನ್ನು ಜಗಲಿಯ ಮೇಲಿಟ್ಟು ಕೂತಳು.

“ಇಲ್ಲ ಭಾವ. ಅಕ್ಕ ತೀರ್ಕಂಡ್ಮೇಲೆ ತಿಂಗ್ಳಿಗೊಂದ್ಸಲ ನಾನೇ ನೋಡ್ಕತೀನಿ.” ಚೀಲದ ಬಾಯಿ ಬಿಚ್ಚುತ್ತಾ, “ನಮ್ಮನೇಲಿ ಯಾರೂ ಕೇಳಿರ್ಲಿಲ್ಲ,” ಎಂದಳು.

ಅವಳಿಗೆ ನೀರು ತಂದುಕೊಟ್ಟು, ದಬ್ಬಳವನ್ನು ಮತ್ತೆ ಕೆಂಡಕ್ಕಿಟ್ಟೆ.